ಇಬ್ಬರ ಕೆಮ್ಮು

ಮೊನ್ನೆ ಕೋಪರಖೈರಣೆಗೆ ಹೋಗಿದ್ದೆ, ಹೊಟ್ಟೆಯ ಆಪರೇಷನ್ ಆಗಿ ಮನೆಗೆ ಬಂದಿದ್ದ ಭಾವನವರನ್ನು ನೋಡಲು. ಅವರು ಪ್ಲಾಸ್ಟಿಕ್ ನಳಿಕೆಯೊಂದನ್ನು ಬಾಯಿಗಿಟ್ಟು ಉಸಿರೆಳೆಯುತ್ತಿದ್ದರು. ಎಳೆದಂತೆ ಡಬ್ಬಿಯೊಳಗಿನ ಬಣ್ಣದ ಗೋಲಿಗಳು ಮೇಲೇರುತ್ತಿದ್ದವು. ಶ್ವಾಸಕೋಶದಲ್ಲಿ ಕಫ ಕಟ್ಟಬಾರದೆಂದು ಡಾಕ್ಟರು ಕೊಟ್ಟದ್ದಂತೆ. ನೋಡುತ್ತ ಕೂತವಳಿಗೆ ಹಿಂದೆ ನಮ್ಮ ಪಕ್ಕದ ಖೋಲಿಯಲ್ಲಿ ಸಂಸಾರ ಮಾಡಿಕೊಂಡಿದ್ದ ಅಕ್ಕ ನೆನಪಾದರು…

ಎಂಬತ್ತರ ದಶಕದ ಆರಂಭ. ಬಿಜಾಪುರದಿಂದ ಮದುವೆಯಾಗಿ ಠಾಣೆ ಊರಿಗೆ ಬಂದು ವರ್ಷ ತುಂಬಿರಲಿಲ್ಲ. ಗಂಡ ವಾಗ್ಳೆ ಎಸ್ಟೇಟಿನ ಫ್ಯಾಕ್ಟರಿಯಲ್ಲಿದ್ದರು. ಕರುಳು ತೂತಾಗಿ ಠಾಣೆಯ ಆಸ್ಪತ್ರೆಯೊಂದರಲ್ಲಿ ನನ್ನ ಹೊಟ್ಟೆ ಕೊಯ್ದರು. ದಿಂಬನ್ನು ಹೊಲಿಗೆಯ ಮೇಲೆ ಒತ್ತಿ ಹಿಡಿದು, ಉಸಿರು ತುಂಬಿಕೊಂಡು, ಜೋರಾಗಿ ಕೆಮ್ಮಿ ಕಫ ಉಗುಳಬೇಕೆಂದು ನರ್ಸ್ ಮರಾಠಿಯಲ್ಲಿ ಹೇಳಿ ಹೋಗುತ್ತಿದ್ದಳು. ನನಗೆ ನೋವಿಗಿಂತ ನಾಚಿಕೆಯೇ ಹೆಚ್ಚು. ಎದುರು ಮಂಚದವಳನ್ನು ನೋಡಲು ಬರುವ ಗಂಡಸರು, ಸ್ಟೂಲಿನ ಮೇಲೆ ಕೂತ ನಮ್ಮ ಮಾವನವರು… ಅವರೆಲ್ಲರ ಮುಂದೆ ಗಂಟಲು ಕೆರೆದು ಬಟ್ಟಲಿಗೆ ಉಗುಳುವುದೇ? ನರ್ಸ್ ಬಂದಾಗಲೆಲ್ಲ ನಿದ್ದೆ ಬಂದವಳಂತೆ ಮಲಗಿದೆ. ಜ್ವರ ಏರಿತು. ಉಸಿರು ಅರ್ಧಕ್ಕೇ ನಿಲ್ಲತೊಡಗಿತು. ಆಕ್ಸಿಜನ್ ಹಾಕಿದರು. ಹೀಗೇ ಮಾಡಿದರೆ ಉಳಿಯುವುದು ಕಷ್ಟ ಎಂದು ಡಾಕ್ಟರು ಗದರಿದ್ದು ಇಡೀ ವಾರ್ಡಿಗೆ ಕೇಳಿಸಿ, ಇನ್ನಷ್ಟು ಕುಗ್ಗಿಹೋದೆ.

ಆ ಸಂಜೆ ಅಕ್ಕ ಬಂದರು. ಉಡುಪಿ ಕಡೆಯವರು, ಗಂಡ ನೌಪಾಡಾದ ಹೋಟೆಲೊಂದರಲ್ಲಿ ಅಡುಗೆಯವರು. ಬೆನ್ನಿಗೆ ತೋಳು ಕೊಟ್ಟು ನನ್ನನ್ನು ಕೂರಿಸಿದರು. ದಿಂಬಿನ ಮೇಲೆ ನನ್ನ ಕೈ, ಅದರ ಮೇಲೆ ತಮ್ಮ ಕೈ.

“ಎಲ್ಲಾರೂ ನೋಡ್ತಾರ್ರೀ ಅಕ್ಕಾರ,” ಎಂದೆ.

“ನಾನೂ ಕೆಮ್ಮುತ್ತೇನೆ ಮಾರಾಯ್ತಿ. ಯಾರದ್ದು ಅಂತ ಯಾರಿಗೆ ಗೊತ್ತಾಗ್ತದೆ?”

ಕೆಮ್ಮಿಯೇಬಿಟ್ಟರು. ಮಾವನವರು ಸೇರಿ ಎಲ್ಲರೂ ತಿರುಗಿ ಅವರನ್ನೇ ನೋಡಿದರು. ಅದರ ಮರೆಯಲ್ಲಿ ನಾನೂ ಕೆಮ್ಮಿದೆ. ಹೊಲಿಗೆ ಬಿಚ್ಚಿಹೋದಂತಾಯಿತು, ಆದರೆ ಕಫ ಬಂತು. ನಾನು ಮನೆಗೆ ಹೋಗುವವರೆಗೂ ಸಂಜೆ ಸಂಜೆ ಬಂದು ನನ್ನ ಜೊತೆ ಕೆಮ್ಮಿದರು.

ಆಮೇಲೆ ನಾವು ಡೊಂಬಿವಲಿಗೆ ಬಂದೆವು, ಹೋಗಿ ಬರುವುದು ಕಡಿಮೆಯಾಯಿತು… ಅವರು ತೀರಿಕೊಂಡದ್ದು ಗೊತ್ತಾದದ್ದೇ ಎಷ್ಟೋ ಕಾಲದ ಮೇಲೆ, ಅವರ ಮಗಳು ಲೋಕಲ್ ರೈಲಿನಲ್ಲಿ ಸಿಕ್ಕಾಗ. ಆಸ್ಪತ್ರೆಯ ಸಂಗತಿ ಹೇಳಿದರೆ ಅವಳು ನಂಬಲಿಲ್ಲ. ಅಮ್ಮ ಗಂಡಸರ ಮುಂದೆ ಬಾಯಿಬಿಟ್ಟು ನಕ್ಕವಳಲ್ಲ, ಸೀನು ಬಂದರೂ ಒಳಗೆ ಓಡುತ್ತಿದ್ದಳು ಎಂದು ಹಿಂದಿಯಲ್ಲಿ ಹೇಳಿದಳು.

ನನ್ನ ನಾಚಿಕೆಯೊಂದೇ ನನಗೆ ಕಂಡಿತ್ತು. ಅವರಿಗೂ ಒಂದಿದ್ದೀತೆಂದು ಹೊಳೆದೇ ಇರಲಿಲ್ಲ. ಈಗ ಈ ಮಾತು ಹೇಳೋಣವೆಂದರೆ ಅಕ್ಕ ಇಲ್ಲ.