ಕ್ರೇನ್ ಏರಿ ಕೌನ್ಸೆಲಿಂಗ್‌ಗೆ

೨೦೦೫ನೇ ಇಸವಿ. ಮಳೆಗಾಲ ಮುಗಿದು ಬಿಸಿಲು ಚುರುಗುಟ್ಟಲು ಶುರುವಾಗಿತ್ತು. ಪ್ರಾಥಮಿಕ ಶಾಲೆಯ ಶಿಕ್ಷಕಿಯಾಗಿ ನಾನು ಆಯ್ಕೆಯಾಗಿದ್ದೆ. ಯಾವ ಶಾಲೆ ಎಂಬುದು ಮಾತ್ರ ತೀರ್ಮಾನವಾಗಬೇಕಿತ್ತು. ಅದಕ್ಕಾಗಿ ಕಾರವಾರದಲ್ಲಿ ಕೌನ್ಸೆಲಿಂಗ್ ಇಟ್ಟಿದ್ದರು. ಅಂಕಗಳ ಕ್ರಮದಲ್ಲಿ ಹೆಸರು ಕರೆಯುತ್ತಾರೆ, ಕರೆದವರು ಖಾಲಿ ಇರುವ ಶಾಲೆಗಳಲ್ಲಿ ಒಂದನ್ನು ಆರಿಸಿಕೊಳ್ಳಬೇಕು. ಕರೆದಾಗ ಇಲ್ಲದವರಿಗೆ ಎಲ್ಲರದೂ ಮುಗಿದ ಮೇಲೆ ಉಳಿದದ್ದು. ಉಳಿಯುವ ಶಾಲೆ ಎಂದರೆ ಜೋಯಿಡಾದ ಕಾಡಿನೊಳಗೆ, ಬಸ್ಸಿಳಿದು ಇನ್ನೂ ಎಷ್ಟೋ ದೂರ ನಡೆಯಬೇಕಾದ ಕಡೆ ಎಂದು ಜೊತೆಯಲ್ಲಿ ಓದಿದವರು ಹೆದರಿಸಿಟ್ಟಿದ್ದರು.

ನಮ್ಮದು ಅಂಕೋಲಾ ತಾಲೂಕಿನ ಶೆಟಗೇರಿ. ಅಪ್ಪ, ಆಯಿ ಇಬ್ಬರೂ ಬೇರೆಯವರ ಗದ್ದೆಗೆ ಕೂಲಿಗೆ ಹೋಗುವವರು. ಮನೆಯಲ್ಲಿ ಸರ್ಕಾರಿ ನೌಕರಿ ಎಂದು ಸಿಗುತ್ತಿದ್ದದ್ದು ನನಗೇ ಮೊದಲು. ಆ ವರ್ಷ ಆಯಿಗೆ ಮೈಯಲ್ಲಿ ಹುಷಾರಿರಲಿಲ್ಲ. ಊರ ಹತ್ತಿರವೇ ಒಂದು ಶಾಲೆ ಸಿಕ್ಕಿಬಿಟ್ಟರೆ ಸಂಜೆ ಮನೆಗೆ ಬಂದು ಅಡುಗೆ ಮಾಡಬಹುದು, ಅವಳನ್ನು ನೋಡಿಕೊಳ್ಳಬಹುದು ಎಂಬುದೊಂದೇ ನನ್ನ ಆಸೆ.

ಅಣ್ಣ ಗಣಪತಿ ಅಂಕೋಲೆಯ ಒಂದು ಹಾರ್ಡ್‌ವೇರ್ ಅಂಗಡಿಯಲ್ಲಿ ಕೆಲಸಕ್ಕಿದ್ದ. ಬಸ್ಸಿನಲ್ಲಿ ಜೋತಾಡಿಕೊಂಡು ಹೋದರೆ ನನ್ನ ಸೀರೆ ಮುದ್ದೆಯಾಗುತ್ತದೆ ಎಂದು ಹೇಳಿ ಅಂಗಡಿಯ ಸಾಹುಕಾರರ ಬೈಕನ್ನು ಹಿಂದಿನ ದಿನವೇ ಕೇಳಿ ತಂದಿದ್ದ. ಬೆಳಿಗ್ಗೆ ಇಬ್ಬರೂ ಹೊರಟೆವು. ಆಗೆಲ್ಲ ನಮ್ಮ ಹೆದ್ದಾರಿಯ ತುಂಬ ಅದಿರು ಲಾರಿಗಳದ್ದೇ ಕಾರುಬಾರು. ರಸ್ತೆಯ ಎರಡೂ ಬದಿಯ ಗಿಡಗಳು ಕೆಂಪು ಧೂಳು ಮೆತ್ತಿಕೊಂಡು ಯಾವ ಗಿಡ ಯಾವುದು ಎಂದೇ ತಿಳಿಯುತ್ತಿರಲಿಲ್ಲ. ಅವರ್ಸಾ ದಾಟಿ ಸ್ವಲ್ಪ ಮುಂದೆ ಹೋಗಿದ್ದೆವೋ ಇಲ್ಲವೋ, ಬೈಕಿನ ಹಿಂಭಾಗ ಹಾವಿನಂತೆ ಅತ್ತಿತ್ತ ಹೊರಳತೊಡಗಿತು. ನಾನು ಅಣ್ಣನ ಅಂಗಿ ಗಟ್ಟಿಯಾಗಿ ಹಿಡಿದುಕೊಂಡೆ. ಹೇಗೋ ಬದಿಗೆ ತಂದು ನಿಲ್ಲಿಸಿದ. ಹಿಂದಿನ ಟಯರು ಪೂರ್ತಿ ಕೂತುಬಿಟ್ಟಿತ್ತು.

"ಪಂಚರ್ ತಂಗಿ," ಎಂದ ಅಣ್ಣ. ಅದು ನನಗೂ ಕಾಣುತ್ತಿತ್ತು.

ತಳ್ಳಿಕೊಂಡು ಹೊರಟೆವು. ಅಣ್ಣ ಹ್ಯಾಂಡಲ್ ಹಿಡಿದು ಎಳೆಯುವುದು, ನಾನು ಒಂದು ಕೈಯಲ್ಲಿ ಸರ್ಟಿಫಿಕೇಟಿನ ಚೀಲ, ಇನ್ನೊಂದು ಕೈಯಲ್ಲಿ ಹಿಂದಿನಿಂದ ನೂಕುವುದು. ಮುಂದೆ ಒಂದು ಮರಕ್ಕೆ ಹಳೆಯ ಟಯರು ನೇತುಹಾಕಿದ್ದು ಕಂಡಾಗ ಜೀವ ಬಂತು. ಹೋಗಿ ನೋಡಿದರೆ ಪಂಚರ್ ಅಂಗಡಿಗೆ ಬೀಗ. ಪಕ್ಕದ ಚಾ ಅಂಗಡಿಯಲ್ಲಿದ್ದ ಹೆಂಗಸು ಲೋಟ ತೊಳೆಯುತ್ತಲೇ ಹೇಳಿದಳು:

"ಅಂವ ಇಲ್ಲ. ಬಿಣಗಾ ಘಟ್ಟದಲ್ಲಿ ಅದಿರು ಲಾರಿ ಅಡ್ಡ ಬಿದ್ದದ್ಯಂತೆ. ಅದ್ನ ನೋಡೂಕೆ ಹೋದ. ರಸ್ತೆ ಪೂರ್ತಿ ಬಂದ್. ಕಾರವಾರ ಬದಿಯಿಂದ ಒಂದ್ ಗಾಡಿನಾದ್ರೂ ಬಂದದ್ದು ಕಂಡ್ರಾ ನೀವು?"

ಹೌದಲ್ಲ! ತಳ್ಳುವ ಗಡಿಬಿಡಿಯಲ್ಲಿ ನಾವದನ್ನು ಗಮನಿಸಿಯೇ ಇರಲಿಲ್ಲ. ಎದುರಿನಿಂದ ಒಂದೂ ವಾಹನ ಬರುತ್ತಿರಲಿಲ್ಲ. ನನಗೆ ಅಳುವೇ ಬಂತು. ಅಣ್ಣ ಸಮಾಧಾನ ಹೇಳಲು ನೋಡಿದ, ಆದರೆ ಅವನ ಮುಖವೂ ಸಣ್ಣಗಾಗಿತ್ತು. "ನಂದೇ ತಪ್ಪು, ಬೆಳಗಿನ ಮೊದಲ್ನೇ ಬಸ್ಸಿಗೆ ಕಳಿಸಿದ್ರೆ ಆಗ್ತಿತ್ತು," ಎಂದು ಗೊಣಗಿದ. ಬೈಕ್ ಅಲ್ಲೇ ಬಿಟ್ಟು ಯಾವುದಾದರೂ ಗಾಡಿ ಹತ್ತೋಣ ಎಂದರೆ ಅವನಿಗೆ ಧೈರ್ಯವಿಲ್ಲ. ಸಾಹುಕಾರರ ಗಾಡಿ. ನನ್ನೊಬ್ಬಳನ್ನೇ ಹತ್ತಿಸಿ ಕಳಿಸಿದರೂ ಘಟ್ಟದ ಬುಡದಲ್ಲಿ ಸಿಕ್ಕಿಕೊಳ್ಳುವುದೇ.

ಹಾಗೆ ನಿಂತಿರುವಾಗ ಅಂಕೋಲಾ ಬದಿಯಿಂದ ಹಳದಿ ಬಣ್ಣದ ಒಂದು ಹಳೆಯ ಲಾರಿ ಬುಸುಗುಡುತ್ತ ಬಂತು. ಹಿಂದುಗಡೆ ಕಬ್ಬಿಣದ ದೊಡ್ಡ ತೋಳು, ಅದರ ತುದಿಯಲ್ಲಿ ಸರಪಳಿ, ಕೊಕ್ಕೆ. ಕೆಟ್ಟು ನಿಂತ, ಉರುಳಿಬಿದ್ದ ಗಾಡಿಗಳನ್ನು ಎತ್ತುವ ಕ್ರೇನ್ ಲಾರಿ. ಅಣ್ಣನಿಗೆ ಏನನ್ನಿಸಿತೋ, ರಸ್ತೆ ನಡುವೆಯೇ ಹೋಗಿ ಎರಡೂ ಕೈ ಎತ್ತಿ ನಿಂತುಬಿಟ್ಟ.

ಲಾರಿ ನಿಂತಿತು. ತಲೆಗೆ ಟವೆಲ್ ಸುತ್ತಿಕೊಂಡಿದ್ದ, ಐವತ್ತರ ಆಚೆಈಚೆಯ ಡ್ರೈವರ್ ಕಿಟಕಿಯಿಂದ ಬಗ್ಗಿ, "ಕಿತೆಂ ಜಾಲೆಂ?" ಎಂದು ಕೊಂಕಣಿಯಲ್ಲಿ ಕೇಳಿದರು. ಏನಾಯ್ತು ಎಂದು. ನಮಗೆ ಕೊಂಕಣಿ ಬಾರದು ಎಂದು ತಿಳಿದು ಕನ್ನಡಕ್ಕೆ ತಿರುಗಿದರು. ಅಣ್ಣ ಬೈಕ್ ತೋರಿಸಿದ. ಡ್ರೈವರ್‌ಗೆ ನಗು ಬಂತು.

"ನಾನು ಎತ್ತೂದು ಲಾರಿ, ಬಸ್ಸು ಮಾರಾಯ. ಈ ಸೈಕಲ್ಲಿಗೆ ನನ್ನ ಕೊಕ್ಕೆ ಯಾಕೆ? ಬದಿಗೆ ಹೋಗು. ಅಲ್ಲಿ ಪೊಲೀಸ್ನವ್ರು ಕಾಯ್ತಾ ಕೂತಿದ್ರು."

ನಾನು ಮುಂದೆ ಹೋದೆ. ಏನು ಹೇಳಿದೆನೋ ಸರಿಯಾಗಿ ನೆನಪಿಲ್ಲ. ನೌಕರಿ, ಶಾಲೆ, ಹೆಸರು ಕರೆಯುವುದು, ಆಯಿ ಎಂದು ಒಂದಕ್ಕೊಂದು ಸಂಬಂಧವಿಲ್ಲದಂತೆ ಹೇಳಿರಬೇಕು. ಅವರು ನಗು ನಿಲ್ಲಿಸಿ ನನ್ನ ಮುಖ ನೋಡಿದರು.

"ಅಕ್ಕೋರಾ ನೀವು?" ನಮ್ಮ ಕಡೆ ಶಾಲೆಯ ಶಿಕ್ಷಕಿಗೆ ಅಕ್ಕೋರು ಎನ್ನುತ್ತಾರೆ.

"ಇನ್ನೂ ಆಗ್ಲಿಲ್ಲ," ಎಂದೆ.

"ಹಾಗಾದ್ರೆ ಹತ್ತಿ. ಇವತ್ತು ಘಟ್ಟದಲ್ಲಿ ಮುಂದೆ ಹೋಗೂದು ಅಂತಿದ್ರೆ ನನ್ನ ಗಾಡಿ ಒಂದೇ."

ಅವರ ಹೆಸರು ದೇವಿದಾಸ. ಕೆಳಗಿಳಿದು ಬೈಕಿಗೆ ಎರಡು ಕಡೆ ಹಗ್ಗ ಬಿಗಿದು ಕೊಕ್ಕೆಗೆ ಸಿಕ್ಕಿಸಿ ಮೇಲೆತ್ತಿದರು. ಸಾಹುಕಾರರ ಬೈಕು ಗಾಳಿಯಲ್ಲಿ ತೊಟ್ಟಿಲಿನಂತೆ ತೂಗಾಡುವುದನ್ನು ನೋಡಿ ಚಾ ಅಂಗಡಿಯ ಹೆಂಗಸು ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ಅಣ್ಣ ಲಾರಿಯ ಹಿಂಭಾಗ ಹತ್ತಿ ನಿಂತು ಅದು ಎಲ್ಲಿಗೂ ಬಡಿಯದಂತೆ ಹಿಡಿದುಕೊಂಡ. ನಾನು ಕ್ಯಾಬಿನ್ ಹತ್ತಿದೆ. ಹತ್ತುವಾಗ ಸೀರೆಗೆ ಕಪ್ಪು ಗ್ರೀಸು ಮೆತ್ತಿಕೊಂಡಿತು.

ಅರ್ಗಾ ಬರುವ ಹೊತ್ತಿಗೆ ಸಾಲುಗಟ್ಟಿ ನಿಂತ ಗಾಡಿಗಳು ಕಂಡವು. ಬಸ್ಸು, ಲಾರಿ, ಟೆಂಪೋ, ಕಾರು, ನಡುವೆ ನುಸುಳಲು ಹೋಗಿ ಸಿಕ್ಕಿಕೊಂಡ ಬೈಕುಗಳು. "ಕ್ರೇನ್ ಬಂತ್ರೋ, ಜಾಗ ಬಿಡಿ!" ಎಂದು ಜನ ಕೂಗಿದರು. ಪೊಲೀಸರು ಸೀಟಿ ಊದುತ್ತ ಒಂದೊಂದೇ ಗಾಡಿಯನ್ನು ಬದಿಗೆ ಸರಿಸಿದರು. ಮಂತ್ರಿಗಳಿಗೆ ದಾರಿ ಬಿಟ್ಟಂತೆ ನಮಗೆ ದಾರಿ ಬಿಟ್ಟರು. ಹಿಂದೆ ತೂಗಾಡುತ್ತಿದ್ದ ಬೈಕು ಕಂಡು ಕೆಲವರು ಚಪ್ಪಾಳೆಯನ್ನೂ ತಟ್ಟಿದರು. ನಾನು ನಾಚಿಕೆಯಿಂದ ತಲೆ ತಗ್ಗಿಸಿಕೊಂಡು ಕೂತಿದ್ದೆ.

ಒಂದು ಕಡೆ ಕಾರು ಸರಿಸುವ ತನಕ ನಿಲ್ಲಬೇಕಾಯಿತು. ಪಕ್ಕದಲ್ಲೇ ಕುಮಟಾದಿಂದ ಬಂದ ಬಸ್ಸು. ಅದರ ಕಿಟಕಿಯಿಂದ ಯಾರೋ ನನ್ನ ಹೆಸರು ಕರೆದರು. ನೋಡಿದರೆ ಸುಮಿತ್ರಾ. ತರಬೇತಿಯಲ್ಲಿ ನನ್ನ ತರಗತಿಯಲ್ಲೇ ಇದ್ದವಳು, ನನಗಿಂತ ಹೆಚ್ಚು ಅಂಕ ತೆಗೆದವಳು. ಓದು ಮುಗಿದ ಕೂಡಲೇ ಮದುವೆಯಾಗಿ ಈಗ ತುಂಬು ಬಸುರಿ. ಬೆವರಿನಿಂದ ಮುಖವೆಲ್ಲ ಒದ್ದೆಯಾಗಿತ್ತು.

"ನಮ್ಮ ಬಸ್ಸು ಬೆಳಿಗ್ಗೆಯಿಂದ ಇಲ್ಲೇ ನಿಂತದೆ. ನೀನೆಂತ ಕ್ರೇನಲ್ಲಿ!"

"ನೀನೂ ಬಾರೆ," ಎಂದೆ. ಅವಳು ಕ್ಯಾಬಿನ್ನಿನ ಎತ್ತರ ನೋಡಿ ತಲೆಯಲ್ಲಾಡಿಸಿದಳು.

"ನಂಗೆ ಆಗೂದಿಲ್ಲ. ಹೆಚ್ಚು ನಡೆಯೂದೂ ಬೇಡ ಅಂದಿದ್ರು ಡಾಕ್ಟ್ರು. ನೀನು ಹೋಗಿ ಅವ್ರಿಗೊಂದು ಮಾತು ಹೇಳೆ. ನಾನೊಬ್ಬಳೇ ಅಲ್ಲ, ಹಿಂದಿನ ಬಸ್ಸಲ್ಲೂ ನಮ್ಮವ್ರೇ ಇದ್ರು."

"ಹೇಳ್ತೆ," ಎಂದೆ. ಅಷ್ಟರಲ್ಲಿ ಲಾರಿ ಹೊರಟಿತು.

ಘಟ್ಟದ ತಿರುವಿನಲ್ಲಿ ಅದಿರು ಲಾರಿ ರಸ್ತೆಗೆ ಅಡ್ಡಲಾಗಿ ಮಲಗಿತ್ತು. ಕೆಂಪು ಪುಡಿ ಗುಡ್ಡದಂತೆ ಚೆಲ್ಲಿಕೊಂಡಿತ್ತು. ಒಂದು ಬದಿಗೆ ಗುಡ್ಡ ಕಡಿದ ಧರೆ, ಇನ್ನೊಂದು ಬದಿಗೆ ಕೆಳಗೆ ಸಮುದ್ರ. ಮೋಟು ಗೋಡೆಯ ಮೇಲೆ ಆ ಲಾರಿಯ ಡ್ರೈವರ್ ಹುಡುಗ ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡು ಕುಳಿತಿದ್ದ. ಗಾಯವೇನೂ ಆಗಿರಲಿಲ್ಲ. ಸುತ್ತ ಇದ್ದವರೆಲ್ಲ ಅವನನ್ನು ಬೈಯುತ್ತಿದ್ದರು. ಬಿದ್ದ ಲಾರಿಯ ಕಡೆ ದೇವಿದಾಸರು ಹೋಗಲಿಲ್ಲ. ಮೊದಲು ತಮ್ಮ ನೀರಿನ ಬಾಟಲಿ ತೆಗೆದುಕೊಂಡು ಹೋಗಿ ಆ ಹುಡುಗನ ಪಕ್ಕ ಕುಳಿತು, ಅವನು ಕುಡಿಯುವ ತನಕ ಅಲ್ಲೇ ಇದ್ದರು. ಆಮೇಲೆ ಎದ್ದು, ಬೈಕ್ ಕೆಳಗಿಳಿಸಿ, ಸರಪಳಿ ಬಿಚ್ಚಲು ಶುರುಮಾಡಿದರು.

"ನೀನು ಹೋಗೇ. ನಾನಿಲ್ಲಿ ಇವರಿಗೆ ಕೈ ಕೊಡ್ತೆ. ಬೈಕ್ ರಿಪೇರಿ ಮಾಡ್ಕಂಡು ಸಂಜೆ ಬತ್ತೆ," ಎಂದ ಅಣ್ಣ.

ಸೀರೆ ಎತ್ತಿ ಹಿಡಿದು ಅದಿರಿನ ರಾಶಿ ಹತ್ತಿ ಆಚೆ ಇಳಿದೆ. ಒಂದು ಚಪ್ಪಲಿ ಅಲ್ಲೇ ಹೂತುಹೋಯಿತು, ಹುಡುಕದೆ ಇನ್ನೊಂದನ್ನೂ ಅಲ್ಲೇ ಬಿಟ್ಟೆ. ಆಚೆ ಬದಿಯಲ್ಲೂ ಗಾಡಿಗಳ ಸಾಲು. ದೇವಿದಾಸರು ಈಚೆಯಿಂದಲೇ ಗಂಟಲು ಹರಿಯುವಂತೆ ಕೂಗಿದರು. "ಹೋಯ್ ರಿಕ್ಷಾ! ತಿರುಗಿಸ್ಕಂಡು ಹೋಗೂದಾದ್ರೆ ಅಕ್ಕೋರನ್ನ ಕರ್ಕಂಡು ಹೋಗು! ಗಡ, ಬೇಗ!"

ರಿಕ್ಷಾ ಇಳಿದು ಕೌನ್ಸೆಲಿಂಗ್ ನಡೆಯುತ್ತಿದ್ದ ಸಭಾಂಗಣಕ್ಕೆ ಬರಿಗಾಲಲ್ಲಿ ಓಡಿದೆ. ಹೆಸರು ಕರೆಯುವುದು ಆಗಲೇ ಆರಂಭವಾಗಿತ್ತು. ಅಂಕೋಲಾ, ಕುಮಟಾ, ಹೊನ್ನಾವರದ ಹೆಸರುಗಳು ಬಂದಾಗ ಯಾರೂ ಏಳುತ್ತಿರಲಿಲ್ಲ. ಗುಮಾಸ್ತರು "ಗೈರು" ಎಂದು ಹೇಳಿ ಮುಂದಕ್ಕೆ ಹೋಗುತ್ತಿದ್ದರು. ಸುಮಿತ್ರಾಳ ಹೆಸರೂ ಹಾಗೆಯೇ ಹೋಯಿತು. ನಾನು ಎದ್ದು ಹೇಳಬೇಕು ಎಂದುಕೊಳ್ಳುವಷ್ಟರಲ್ಲಿ ನನ್ನ ಹೆಸರನ್ನೇ ಕರೆದುಬಿಟ್ಟರು.

ಮೇಜಿನ ಹತ್ತಿರ ಹೋದೆ. ಖಾಲಿ ಶಾಲೆಗಳ ಹೆಸರಿದ್ದ ಹಾಳೆಯನ್ನು ಸಾಹೇಬರು ನನ್ನ ಕಡೆ ತಿರುಗಿಸಿದರು. ಕಣ್ಣು ಹೋದದ್ದೇ ಶೆಟಗೇರಿಯ ಪಕ್ಕದ ಊರಿನ ಶಾಲೆಗೆ. ಮನೆಯಿಂದ ನಡೆದೇ ಹೋಗಬಹುದು! ನನಗಿಂತ ಮುಂದಿದ್ದ ಅಂಕೋಲಾದವರು ಯಾರೂ ಬಾರದ್ದರಿಂದ ಅದಿನ್ನೂ ಉಳಿದಿತ್ತು. ಬೆರಳು ಇಟ್ಟರೆ ಆಯಿತು. ಮೊದಲು ಶಾಲೆ ಆರಿಸಿ ಆಮೇಲೆ ಹೇಳಿದರಾಯಿತು ಎಂದು ಮನಸ್ಸು ಹೇಳಿತು. ಅದೇ ಹೊತ್ತಿಗೆ ಬಸ್ಸಿನ ಕಿಟಕಿಯಲ್ಲಿದ್ದ ಆ ಬೆವರಿದ ಮುಖವೂ ಕಣ್ಣ ಮುಂದೆ ಬಂತು.

"ಸರ್," ಎಂದೆ. "ಬಿಣಗಾ ಘಟ್ಟದಲ್ಲಿ ಲಾರಿ ಬಿದ್ದು ರಸ್ತೆ ಬಂದಾಗಿದೆ. ಅಂಕೋಲಾ ಬದಿಯವರೆಲ್ಲ ಬಸ್ಸಿನಲ್ಲಿ ಸಿಕ್ಕಿಕೊಂಡಿದ್ದಾರೆ. ಯಾರೂ ಬೇಕೆಂದು ಗೈರಾಗಿದ್ದಲ್ಲ."

ಸಾಹೇಬರು ಕನ್ನಡಕದ ಮೇಲಿನಿಂದ ನೋಡಿದರು. "ನೀವು ಅಂಕೋಲಾದವರೇ ಅಲ್ವಾ? ನೀವು ಹೇಗೆ ಬಂದ್ರಿ?"

"ಕ್ರೇನ್‌ನಲ್ಲಿ ಬಂದೆ ಸರ್."

ಸಭಾಂಗಣ ಗೊಳ್ಳೆಂದಿತು. ಸಾಹೇಬರು ನನ್ನ ಗ್ರೀಸು ಮೆತ್ತಿದ ಸೀರೆ, ಕೆಂಪಾದ ಬರಿಗಾಲು ನೋಡಿದರು. ಅವರು ನಗಲಿಲ್ಲ. ಫೋನ್ ತೆಗೆದು ಪೊಲೀಸ್ ಠಾಣೆಗೆ ಮಾತಾಡಿದರು. ಇಟ್ಟ ಮೇಲೆ ಎದ್ದು ನಿಂತು, "ರಸ್ತೆ ಬಿಡುವ ತನಕ ಕೌನ್ಸೆಲಿಂಗ್ ನಿಲ್ಲಿಸಿದ್ದೇವೆ. ಗೈರಾದವರು ಬಂದ ಮೇಲೆ ಅವರಿಂದಲೇ ಮತ್ತೆ ಶುರು," ಎಂದರು. ಹಿಂದೆ ಕುಳಿತಿದ್ದ ಕೆಲವರು ಗೊಣಗಿದರು. "ಇವಳಿಗೆಂತ ಬೇಕಿತ್ತು?" ಎಂದು ಒಬ್ಬಳು ನನಗೆ ಕೇಳುವಂತೆಯೇ ಹೇಳಿದಳು. ನಾನು ಹೋಗಿ ಗೋಡೆ ಬದಿಯ ಕುರ್ಚಿಯಲ್ಲಿ ಕುಳಿತೆ.

ಊಟದ ಹೊತ್ತು ಕಳೆದ ಮೇಲೆ ಬಸ್ಸುಗಳು ಬಂದವು. ಸುಮಿತ್ರಾ ಸೊಂಟಕ್ಕೆ ಕೈ ಕೊಟ್ಟುಕೊಂಡು ನಿಧಾನವಾಗಿ ಒಳಗೆ ಬಂದಳು. ಅವಳ ಸರದಿ ಬಂತು. ಅವಳು ಆರಿಸಿದ್ದು ಅದೇ ಶಾಲೆಯನ್ನು, ಶೆಟಗೇರಿಯ ಪಕ್ಕದ್ದನ್ನು. ಅವಳ ಗಂಡನ ಮನೆಯೂ ಆ ಬದಿಗೇ. ಬೇಸರವಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ನಾನೂ ಅದೇ ಶಾಲೆಯನ್ನು ಬಯಸಿದ್ದೆ ಎಂದು ಅವಳಿಗೆ ಗೊತ್ತಿರಲಿಲ್ಲ. ಹತ್ತಿರ ಬಂದು ನನ್ನ ಕೈ ಹಿಡಿದು ತನ್ನ ಹೊಟ್ಟೆಯ ಮೇಲೆ ಇಟ್ಟುಕೊಂಡಳು. ಒಳಗೆ ಮಗು ಒದ್ದದ್ದು ನನ್ನ ಅಂಗೈಗೆ ತಿಳಿಯಿತು.

ನನ್ನ ಸರದಿ ಬಂದಾಗ ಹಾಳೆಯಲ್ಲಿ ಅಂಕೋಲಾದ ಒಂದೂ ಶಾಲೆ ಉಳಿದಿರಲಿಲ್ಲ. ಕಾರವಾರ ತಾಲೂಕಿನ ಹಣಕೋಣದ್ದೊಂದು ಇತ್ತು. ಅದಕ್ಕೆ ಬೆರಳಿಟ್ಟೆ.

ಸಂಜೆ ಅಣ್ಣ ಬೈಕ್ ಓಡಿಸಿಕೊಂಡೇ ಬಂದ. ಬೀಗ ಹಾಕಿಕೊಂಡು ಹೋಗಿದ್ದ ಪಂಚರ್ ಅಂಗಡಿಯವನು ಘಟ್ಟದಲ್ಲೇ ಸಿಕ್ಕಿದ್ದನಂತೆ. ಅಣ್ಣ ತಲೆಯಿಂದ ಕಾಲಿನ ತನಕ ಕೆಂಪು. "ಯಾವೂರು?" ಎಂದು ಕೇಳಿದ. ಹೇಳಿದೆ. ಅಂಗಿಯ ಧೂಳು ಕೊಡವುತ್ತ, "ಅಡ್ಡಿಲ್ಲ. ಇಲ್ಲೇ ಹಬ್ಬುವಾಡದಲ್ಲಿ ಚಿಕ್ಕಮ್ಮನ ಮನೆ ಇದ್ದದ್ಯಲ್ಲ. ಅಲ್ಲಿದ್ಕಂಡು ಹೋಗಿ ಬಂದು ಮಾಡು. ಆಯಿನ್ನ ನಾನು ನೋಡ್ಕಣ್ತೆ," ಎಂದ. ಅಷ್ಟರ ತನಕ ತಡೆದಿದ್ದ ಅಳು ಆಗ ಬಂತು. ಹೇಳಿದಂತೆ ಅಣ್ಣ ಆಯಿಯನ್ನು ನೋಡಿಕೊಂಡ ಕೂಡ. ಆಯಿ ಆ ಬೇಸಿಗೆಯೊಳಗೆ ಚೇತರಿಸಿಕೊಂಡಳು.

ಹಣಕೋಣದ ಮಕ್ಕಳು ಮನೆಯಲ್ಲಿ ಕೊಂಕಣಿ ಮಾತಾಡುವವರು. ನಾನು ಅವರಿಗೆ ಕನ್ನಡ ಕಲಿಸಿದೆ, ಅವರು ನನಗೆ ಕೊಂಕಣಿ ಕಲಿಸಿದರು. ನನ್ನ ತಪ್ಪು ಕೊಂಕಣಿಗೆ ಅವರು ಬಿದ್ದು ಬಿದ್ದು ನಗುತ್ತಿದ್ದರು. ಕೊಂಕಣಿ ಬಾರದೆ ಹೆದರಿಕೊಂಡು ಹೋದ ಊರು ಬೇಗನೇ ನನ್ನದಾಯಿತು.

ಮೊದಲ ಸಂಬಳ ಬಂದ ಮೇಲೆ ನಾನೂ ಅಣ್ಣನೂ ಪೇಡೆ ತೆಗೆದುಕೊಂಡು ದೇವಿದಾಸರನ್ನು ಹುಡುಕಿಕೊಂಡು ಹೋದೆವು. ಅಮದಳ್ಳಿ ಹತ್ತಿರ ರಸ್ತೆ ಬದಿಯ ಶೆಡ್ಡಿನಲ್ಲಿ ಲಾರಿಯ ಕೆಳಗೆ ಮಲಗಿ ಏನೋ ಬಿಗಿಯುತ್ತಿದ್ದರು. ಹೊರಗೆ ಬಂದು ಗುರುತು ಹಿಡಿಯಲು ಸ್ವಲ್ಪ ಹೊತ್ತು ಬೇಕಾಯಿತು. ಶಾಲೆ ಸಿಕ್ಕಿತು ಎಂದು ಹೇಳಿದೆ. ಸುಮಿತ್ರಾಳ ವಿಷಯ ಹೇಳಿದೆ, ಅವಳಿಗೆ ಹೆಣ್ಣುಮಗು ಹುಟ್ಟಿದ್ದನ್ನೂ ಹೇಳಿದೆ. ಅವರು ಎಣ್ಣೆ ಕೈಯನ್ನು ಬಟ್ಟೆಗೆ ಒರೆಸುತ್ತ, ಒಂದೊಂದನ್ನೂ ಮತ್ತೆ ಮತ್ತೆ ಕೇಳಿ ಹೇಳಿಸಿಕೊಂಡರು. ಪೇಡೆ ಕೈಯಲ್ಲೇ ಇತ್ತು, ತಿನ್ನಲಿಲ್ಲ.

"ಅಕ್ಕೋರೆ," ಎಂದರು ಕೊನೆಗೆ, "ಇಷ್ಟು ವರ್ಷ ಎಷ್ಟು ಗಾಡಿ ಎತ್ತಿದೆನೋ. ಜನ ನಂಗೆ ಸಿಗೂದು ಅವ್ರ ಕೆಟ್ಟ ದಿನದಲ್ಲಿ. ಅಳ್ತಾ ಇರ್ತಾರೆ, ಬೈತಾ ಇರ್ತಾರೆ. ಗಾಡಿ ಎತ್ತಿ ಕೊಟ್ಟ ಮೇಲೆ ಹೋಗ್ಬಿಡ್ತಾರೆ. ಆಮೇಲೆ ಅವ್ರದ್ದು ಎಂತಾಯ್ತು ಅಂತ ನಂಗೆ ಯಾವತ್ತೂ ಗೊತ್ತಾಗೂದಿಲ್ಲ. ರಾತ್ರಿ ಮಲಗಿದಾಗ ಒಮ್ಮೊಮ್ಮೆ ಯೋಚ್ನೆ ಬರ್ತದೆ, ಆ ಮನುಷ್ಯ ಊರು ಮುಟ್ಟಿದ್ನೋ ಇಲ್ವೋ, ಆ ಹೆಂಗ್ಸು ಆಸ್ಪತ್ರೆಯಿಂದ ಮನೆಗೆ ಬಂದ್ಲೋ ಇಲ್ವೋ. ವಾಪಸ್ ಬಂದು ಹೇಳಿದ್ದು ನೀವೇ ಮೊದಲು."

ಅವರ ಕಣ್ಣು ತುಂಬಿತ್ತು. ಮೂವರೂ ನಿಂತಲ್ಲೇ ಪೇಡೆ ತಿಂದೆವು.

ಆ ದಿನದಿಂದ ನನಗೊಂದು ಅಭ್ಯಾಸ ಬಂದಿದೆ. ಬಸ್ಸಿನಲ್ಲಿ ಸೀಟು ಬಿಟ್ಟುಕೊಟ್ಟವರಿಗೆ ಅಲ್ಲೇ ಧನ್ಯವಾದ ಹೇಳಿದರೆ ಸಾಕು. ಆದರೆ ಕಷ್ಟದಲ್ಲಿ ಕೈ ಹಿಡಿದವರಿದ್ದರೆ, ಎಷ್ಟೇ ತಡವಾಗಲಿ, ಹುಡುಕಿಕೊಂಡು ಹೋಗಿ ಆಮೇಲೆ ಏನಾಯಿತು ಎಂದು ಹೇಳಿ ಬರುತ್ತೇನೆ. ನಾವು ಮರೆತು ನೆಮ್ಮದಿಯಾಗಿ ಮಲಗಿದ ಮೇಲೂ ನಮ್ಮ ಬಗ್ಗೆ ಯೋಚಿಸುತ್ತ ಎಚ್ಚರವಿರುವವರು ಎಲ್ಲೋ ಒಬ್ಬರಿರುತ್ತಾರೆ. ಅವರೂ ನೆಮ್ಮದಿಯಾಗಿ ಮಲಗಲಿ ಎಂದು.