ಅಟ್ಟದ ಮೇಲಿನ ನಾಡಿ

ದೆವ್ವ ಗಿವ್ವ ಎಲ್ಲ ನಾನ್‌ಸೆನ್ಸ್ ಎಂದು ಬೆಳೆದವಳು ನಾನು. ಕಾನ್ವೆಂಟು, ಆಮೇಲೆ ಮೆಡಿಕಲ್ ಕಾಲೇಜು. ಆದರೂ ಆ ರಾತ್ರಿ ಈ ಎರಡು ಕಿವಿಯಿಂದ ಕೇಳಿದ್ದನ್ನು ಇವತ್ತಿಗೂ ಇಲ್ಲ ಅನ್ನಲಾರೆ.

ಎಪ್ಪತ್ತರ ದಶಕದ ಕೊನೆ. ಮದುವೆಯಾಗಿ ಶೆಟ್ಟಿಕೆರೆ ಹತ್ತಿರದ ತೋಟದ ಮನೆಗೆ ಬಂದ ಹೊಸತು. ಯಜಮಾನರು ಕೊಬ್ಬರಿ ವ್ಯಾಪಾರಕ್ಕೆಂದು ತಿಪಟೂರಿನಲ್ಲಿದ್ದರು. ಮನೆಯಲ್ಲಿ ಅತ್ತೆ, ಮಾವ, ನಾನು. ತಲೆಯ ಮೇಲೆ ಅಟ್ಟದ ತುಂಬ ತೆಂಗಿನಕಾಯಿ.

ಸಂಜೆ ಮಾವನವರು ಕೊಟ್ಟಿಗೆಯಲ್ಲಿ ಕಣ್ಣು ಕತ್ತಲೆ ಬಂದು ಕುಸಿದರು. ಒಂದೇ ಗಳಿಗೆ. ಎದ್ದು ಕೂತು ನಕ್ಕರು.

"ಎದೆ ನೋವು, ಬೆನ್ನು ನೋವು ಇದೆಯಾ ಮಾವ?"

"ಏನೂ ಇಲ್ಲ ಕಣಮ್ಮ ಡಾಕ್ಟ್ರಮ್ಮ. ನಿನ್ ಅಡುಗೆ ಉಂಡಿದ್ಕೇ ಇರ್ಬೇಕು."

"ಪಿತ್ತ ಕಣಮ್ಮ, ಬುಡು," ಅಂದರು ಅತ್ತೆ, ಶುಂಠಿ ಜಜ್ಜುತ್ತ.

ಬಲಗೈಯಲ್ಲಿ ಬಿಪಿ ನೋಡಿದೆ. ಸ್ವಲ್ಪ ಜಾಸ್ತಿ, ಅಷ್ಟೇ.

ಮಲಗಿದ ಮೇಲೆ ಶುರುವಾಯಿತು... ಲೊಟ್... ಲೊಟ್...

ಅಟ್ಟದ ಮೇಲೆ ಯಾರೋ ಕಾಯಿಯನ್ನು ಅಲ್ಲಾಡಿಸಿದ ಹಾಗೆ. ಒಳಗಿನ ಕೊಬ್ಬರಿ ಒಣಗಿ ಚಿಪ್ಪು ಬಿಟ್ಟಿದೆಯೇ ಎಂದು ಈ ಕಡೆಯವರು ಹಾಗೇ ನೋಡುವುದು. ಇಲಿ ಇರಬೇಕೆಂದು ಮಗ್ಗುಲಾದೆ. ಹಳೇ ಕೊಬ್ಬರಿಯ ಕಮಟು ವಾಸನೆ ಮೂಗಿಗೆ ಅಡರಿತು. ಸದ್ದು ನಿಲ್ಲಲಿಲ್ಲ. ಇಲಿಗೆ ಅಷ್ಟು ರೆಗ್ಯುಲರ್ ರಿದಮ್ ಎಲ್ಲಿಂದ?

ಲಾಟೀನು ಹಿಡಿದು ಮಾವನವರ ಮಂಚದ ಬಳಿ ಹೋದೆ. ನಿದ್ದೆಯಲ್ಲಿದ್ದರು. ಬಲಗೈ ನಾಡಿ ಹಿಡಿದೆ. ಮೇಲೆ ಲೊಟ್... ನನ್ನ ಬೆರಳಡಿ ಒಂದು ಬಡಿತ. ಲೊಟ್... ಇನ್ನೊಂದು. ಒಂದೂ ತಪ್ಪಲಿಲ್ಲ.

ಎಡಗೈ ಹಿಡಿದೆ. ತಣ್ಣಗಿತ್ತು. ನಾಡಿಯೇ ಇಲ್ಲ.

ಅಯೋರ್ಟಿಕ್ ಡಿಸೆಕ್ಷನ್... ಹೃದಯದಿಂದ ಹೊರಡುವ ದೊಡ್ಡ ರಕ್ತನಾಳದ ಒಳಪದರ ಸೀಳಿ, ಗೋಡೆಯಿಂದ ಬಿಟ್ಟುಕೊಳ್ಳುವುದು. ಸಾಮಾನ್ಯವಾಗಿ ಎದೆ ಹರಿದುಹೋಗುವಂಥ ನೋವು. ಅಪರೂಪಕ್ಕೆ ನೋವೇ ಇರುವುದಿಲ್ಲ, ಎರಡೂ ಕೈ ನೋಡಿ ಎನ್ನುತ್ತಿದ್ದರು ನಮ್ಮ ಪ್ರೊಫೆಸರ್.

"ಅತ್ತೆ, ಏಳಿ. ಈಗಲೇ ಬೆಂಗಳೂರಿಗೆ ಹೋಗಬೇಕು."

"ನೋವೇ ಇಲ್ವಲ್ಲಮ್ಮ ಅವ್ರಿಗೆ..."

"ಅದೇ ಭಯ ಅತ್ತೆ."

ಪಕ್ಕದ ತೋಟದವರ ಕಾರಿನಲ್ಲಿ ಹೊರಟೆವು. ದೊಡ್ಡಾಸ್ಪತ್ರೆಯವರು ಪರೀಕ್ಷೆ ಮಾಡಿ, ನನ್ನ ಅನುಮಾನವೇ ನಿಜ ಎಂದರು. ಆಪರೇಷನ್ ಆಯಿತು. ಮಾವ ಉಳಿದರು.

ಊರಿಗೆ ಮರಳಿದ ಮೇಲೆ ಅತ್ತೆಗೆ ಆ ಸದ್ದಿನ ವಿಷಯ ಹೇಳಿದೆ. ಅವರು ನನ್ನನ್ನೇ ನೋಡಿದರು. ಆಮೇಲೆ ಏಣಿ ಹತ್ತಿ, ಒಂದು ಕಾಯಿ ತಂದು ನನ್ನ ಕಿವಿಯ ಹತ್ತಿರ ಅಲ್ಲಾಡಿಸಿದರು. ಒಳಗೆ ಬರೀ ನೀರು ತುಳುಕಿತು.

"ಕೊಬ್ಬರಿ ಚಿಪ್ಪು ಬುಡಾಕೆ ವರ್ಷ ಬೇಕು ಕಣಮ್ಮ," ಅಂದರು ಮೆಲ್ಲಗೆ. "ಇವೆಲ್ಲ ನಿನ್ ಮದ್ವೆ ಆದ್ಮೇಲೆ ಏರ್ಸಿದ್ದು. ಹಳೇದು ಒಂದೂ ಇರ್ಲಿಲ್ಲ ಅಟ್ಟದಾಗೆ."

ಈಗ ನನಗೂ ವಯಸ್ಸಾಯಿತು. ಮಾವನವರೂ ಇಲ್ಲ, ಆ ಮನೆಯೂ ಇಲ್ಲ. ಮಲಗುವ ಮುಂಚೆ ನನ್ನ ಎರಡೂ ಕೈಯ ನಾಡಿ ನೋಡಿಕೊಳ್ಳುತ್ತೇನೆ. ಈ ಫ್ಲಾಟಿಗೆ ಅಟ್ಟವಿಲ್ಲ. ಆದರೂ ದೀಪ ಆರಿಸಿದ ಮೇಲೆ ಸ್ವಲ್ಪ ಹೊತ್ತು ಮೇಲಕ್ಕೆ ಕಿವಿಗೊಟ್ಟೇ ಇರುತ್ತೇನೆ...