ಕಥೆ ತಪ್ಪು ಹೇಳುವ ಅಕ್ಕೋರು

ಹೆಸರಿನಲ್ಲಿ ಪದ್ಮ ಇದ್ದರೂ ಪದ್ಮವ್ವ ಅಕ್ಕೋರಿಗೂ ಪದ್ಮಾಸನಕ್ಕೂ ಎಂದೂ ಆಗಿಬರಲಿಲ್ಲ. ಬಾದಾಮಿಯ ಸರಕಾರಿ ಸಾಲಿಯಲ್ಲಿ ಅವರಿಗೆ ಕೊಟ್ಟ ಕುರ್ಚಿ ಹೊಸದಾಗಿಯೇ ಉಳಿದು ಕೊನೆಗೆ ಹೆಡ್‌ಮಾಸ್ತರರ ಕೋಣೆ ಸೇರಿತು. ಗೋಡೆಯಿಂದ ಗೋಡೆಗೆ ನಡೆಯುತ್ತಲೇ ಇಂಗ್ಲಿಷ್ ಕಲಿಸುತ್ತಿದ್ದರು. ಮಕ್ಕಳಿಗೆ ಪಾಠದ ಜೊತೆ ಕುತ್ತಿಗೆಯ ವ್ಯಾಯಾಮವೂ ಆಗುತ್ತಿತ್ತು. ಅವರ ಮನೆಯ ಮೇಲಂತಸ್ತಿನಲ್ಲಿ ಬಾಡಿಗೆಗಿದ್ದ ಬ್ಯಾಂಕಿನ ಕಾರಕೂನ ನಾನು. ಅವರು ಮನೆಯಲ್ಲಿದ್ದಾರೋ ಇಲ್ಲವೋ ಎಂದು ಹೆಜ್ಜೆ ಸಪ್ಪಳದಿಂದಲೇ ಹೇಳಬಲ್ಲವನಾಗಿದ್ದೆ.

೧೯೮೧ರಲ್ಲಿ ತಮುರಾ ಎಂಬ ಜಪಾನಿ ಪಂಡಿತರು ಗುಹೆಗಳ ಕಂಬಗಳ ಚಿತ್ರ ಬರೆದುಕೊಳ್ಳಲು ಬಂದು ನಮ್ಮ ಎದುರು ಮನೆಯಲ್ಲಿ ಬಿಡಾರ ಹೂಡಿದರು. ಅವರ ಹೆಂಡತಿ ವಯಸ್ಸಾದ ಅತ್ತೆಯ ಆರೈಕೆಗೆಂದು ತಮ್ಮೂರಲ್ಲೇ ಉಳಿದಿದ್ದರು. ತಂದೆಯ ಜೊತೆ ಬಂದವರು ಒಂಬತ್ತರ ಮಗಳು ಮಿದೋರಿ, ಏಳರ ಮಗ ಕೋಜಿ. ಇಬ್ಬರಿಗೂ ಜಪಾನಿ ಬಿಟ್ಟು ಬೇರೆ ಭಾಷೆಯಿಲ್ಲ. ಹೊಟ್ಟೆನೋವು ಎಂದು ನೆರೆಯವರಿಗೆ ಹೇಳಲೂ ಬಾರದ ಮಕ್ಕಳನ್ನು ದಿನವೆಲ್ಲ ಬಿಟ್ಟುಹೋಗಲು ತಮುರಾ ಅವರಿಗೆ ಧೈರ್ಯವಿರಲಿಲ್ಲ. ದಸರಾದೊಳಗೆ ಇಂಗ್ಲಿಷ್‌ನಲ್ಲಿ ನಾಲ್ಕು ಮಾತು ಬಂದರೆ ಇಲ್ಲೇ ಅಕ್ಕೋರ ಹತ್ತಿರ ಓದಲಿ, ಬಾರದಿದ್ದರೆ ಊಟಿಯ ಹಾಸ್ಟೆಲ್ಲಿಗೆ ಹೋಗಲಿ ಎಂದರು. ಊಟ ಹಾಕಲು ಇಡೀ ಓಣಿಯೇ ಇರುವಾಗ ಊಟಿ ಯಾಕೆ ಎಂದು ಅಕ್ಕೋರು ಚಡಪಡಿಸಿದರು.

ನಾನು ಕಾನ್ವೆಂಟಿನಲ್ಲಿ ಕಲಿತವನು. ಹುಬ್ಬಳ್ಳಿಯ ಬಿಸಿಲಲ್ಲಿ ಬೆವರುತ್ತ, ಕಂಡೇ ಇರದ ಹಿಮದ ಮೇಲೆ ಪ್ರಬಂಧ ಬರೆದವನು. ಮೊದಲು ವ್ಯಾಕರಣ ಹಿಡಿಯಿರಿ ಎಂದೆ. ಅಕ್ಕೋರು ಕೇಳಲಿಲ್ಲ. "ನಮ್ಮ ಹುಡುಗ್ರಿಗಿ ಕಥಿ ಹೇಳೇ ಕಲಿಸೇನ್ರಿ. ಇವರೇನು ಬ್ಯಾರೆ?"

ಸಾಲಿಯಲ್ಲಿ ಹೇಳುತ್ತಿದ್ದ ಕಾಗಕ್ಕ ಗುಬ್ಬಕ್ಕನ ಕಥೆಯನ್ನೇ ದಿನಾ ಸಂಜೆ ತಮ್ಮ ಮನೆಯಲ್ಲಿ ಇಂಗ್ಲಿಷ್‌ನಲ್ಲಿ ಶುರುಮಾಡಿದರು. ನಮ್ಮ ಕಡೆ ಕಥೆಗೆ ಹೂಂ ಅನ್ನುವವರು ಬೇಕು. ಇಲ್ಲದಿದ್ದರೆ ಹೇಳುವವರ ಬಾಯಿ ಕಟ್ಟುತ್ತದೆ. ಈ ಮಕ್ಕಳೋ ಮಾತುಮಾತಿಗೆ ತಲೆ ಬಾಗಿಸಿ ತಮ್ಮ ಭಾಷೆಯಲ್ಲಿ "ಹಾಯ್" ಅನ್ನುತ್ತಿದ್ದವು. ಇಂಥ ಜಾಣ ಮಕ್ಕಳನ್ನು ಕಂಡಿಲ್ಲ ಎಂದು ಅಕ್ಕೋರು ಓಣಿಯೆಲ್ಲ ಸಾರಿದರು.

ಒಂದು ಸಂಜೆ ತಮುರಾ ಬಂದು, ಕಥೆಯಲ್ಲಿ ಮಳೆಗೆ ಯಾರ ಮನೆ ಕೊಚ್ಚಿಹೋಯಿತು ಎಂದು ಮಕ್ಕಳನ್ನು ಇಂಗ್ಲಿಷ್‌ನಲ್ಲಿ ಕೇಳಿದರು. ಎರಡೂ ತಲೆ ಬಾಗಿಸಿ "ಹಾಯ್" ಅಂದವು. ಅವರು ಮುಜುಗರದಿಂದ ವಿವರಿಸಿದರು: ಹಾಗಂದರೆ ಕೇಳುತ್ತಿದ್ದೇವೆ ಎಂದಷ್ಟೇ, ತಿಳಿಯಿತು ಎಂದಲ್ಲ.

"ನನ್ನ ಸಾಲ್ಯಾಗಿನ ಹುಡುಗ್ರೂ ನಿದ್ದಿಗಣ್ಣಾಗ ಹೂಂ ಅಂತಾವ," ಎಂದು ಅಕ್ಕೋರು ನನ್ನ ಮುಂದೆ ಕೊರಗಿದರು. "ನನಗರೆ ತಿಳೀಬೇಕಿತ್ತಲ್ರಿ."

ದಸರಾ ಹತ್ತಿರ ಬರುತ್ತಿತ್ತು. ಮಕ್ಕಳಿಗೆ ಗೊತ್ತಿರುವ ಕಥೆಯಾದರೂ ಹೇಳಿಕೊಡಿ ಎಂದು ಅಕ್ಕೋರು ಗುಹೆಯ ಮೆಟ್ಟಿಲಿಗೇ ಹೋಗಿ ತಮುರಾರನ್ನು ಹಿಡಿದರು. ಅವರು ಚಿತ್ರ ಬರೆಯುತ್ತಲೇ ಹೇಳಿದರು: ಹಣ್ಣಿನೊಳಗಿಂದ ಹುಟ್ಟಿದ ಹುಡುಗನೊಬ್ಬ ರಾಕ್ಷಸರ ಮೇಲೆ ದಂಡೆತ್ತಿ ಹೋಗುತ್ತಾನೆ, ಅಜ್ಜಿ ಬರಗಿನ ಉಂಡೆ ಕಟ್ಟಿಕೊಡುತ್ತಾಳೆ, ಉಂಡೆಗಾಗಿ ದಾರಿಯಲ್ಲಿ ನಾಯಿ, ಮಂಗ, ಕಾಡುಕೋಳಿ ಒಂದೊಂದಾಗಿ ಜೊತೆಯಾಗುತ್ತವೆ. ಅಕ್ಕೋರು ಮೆಟ್ಟಿಲು ಹತ್ತಿ ಇಳಿದು ಮಾಡುತ್ತ ಕೇಳಿದ್ದರಿಂದ ಅರ್ಧ ಕಥೆ ಮೆಟ್ಟಿಲ ಮೇಲೇ ಉಳಿಯಿತು.

ಮರುದಿನ ಅವರು ಹೇಳಿದ ಕಥೆಯಲ್ಲಿ ಮೊದಲು ಬಂದದ್ದು ಮಂಗ. ಬಾದಾಮಿಯಲ್ಲಿ ತಿನ್ನುವುದನ್ನು ಕೈಗೆ ತೆಗೆದರೆ ಮೊದಲು ಇನ್ನಾರು ಬಂದಾರು? ಮಕ್ಕಳ "ಹಾಯ್" ನಿಂತಿತು. ಇಬ್ಬರೂ ಮುಖ ಮುಖ ನೋಡಿಕೊಂಡರು.

"ನೋ," ಎಂದಳು ಮಿದೋರಿ. "ಡಾಗ್ ಫಸ್ಟ್."

ಕೋಜಿ ನೆಲಕ್ಕೆ ಕೈಯೂರಿ ಬೊಗಳಿ ತೋರಿಸಿದ. "ಮಂಕಿ ಆಫ್ಟರ್!"

ಪಾಠದ ನಡುವೆ ಅಕ್ಕೋರ ಹೆಜ್ಜೆ ನಿಂತದ್ದನ್ನು ಮೇಲಿನಿಂದ ನಾನು ಕೇಳಿದ್ದು ಅದೇ ಮೊದಲು.

ಅಲ್ಲಿಂದ ಬೇಕಂತಲೇ ತಪ್ಪು ಹೇಳತೊಡಗಿದರು. ಒಂದು ದಿನ ಅಜ್ಜಿ ಉಂಡೆಯ ಬದಲು ಜೋಳದ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಟ್ಟಳು. ಮತ್ತೊಂದು ದಿನ ರಾಕ್ಷಸರು ನಮ್ಮ ಅಗಸ್ತ್ಯತೀರ್ಥದಲ್ಲೇ ಈಜುತ್ತಿದ್ದರು. ಮಕ್ಕಳು ಎದ್ದು ನಿಂತು ಜಗಳಕ್ಕಿಳಿದವು. ಆ ಜಗಳವನ್ನು ನಮ್ಮ ಕಾನ್ವೆಂಟಿನ ಸಿಸ್ಟರುಗಳು ಇಂಗ್ಲಿಷ್ ಎಂದು ಒಪ್ಪುತ್ತಿರಲಿಲ್ಲ, ಆದರೆ ಎಲ್ಲೂ ತಡವರಿಕೆ ಇರಲಿಲ್ಲ.

ದಸರಾ ರಜೆಯಲ್ಲಿ ತಮುರಾ ಪರೀಕ್ಷೆಗೆ ಬಂದು ಕೂತರು. ಸಾಕ್ಷಿಗೆ ನನ್ನನ್ನೂ ಕರೆದಿದ್ದರು. ಅಕ್ಕೋರು ಕಥೆಯನ್ನು ಕೆಡಿಸಿದಲ್ಲೆಲ್ಲ ಮಕ್ಕಳು ನೆಟ್ಟಗೆ ಮಾಡಿದವು. ತಮುರಾ ಕಣ್ಣು ಮುಚ್ಚಿ ಕೇಳಿದರು. ಕೊನೆಗೆ ಮಗಳಿಗೆ ಇಂಗ್ಲಿಷ್‌ನಲ್ಲೇ, ಊಟಿಯ ಶಾಲೆ ಬಹಳ ಒಳ್ಳೆಯದು, ನಿನ್ನ ವಯಸ್ಸಿನ ಹುಡುಗಿಯರಿದ್ದಾರೆ, ಹೋಗುತ್ತೀಯಾ ಎಂದರು. ತಂದೆಯ ಮಾತಿಗೆ ಹಾಯ್ ಬಿಟ್ಟು ಬೇರೆ ಉತ್ತರ ಕೊಟ್ಟ ಹುಡುಗಿಯಲ್ಲ ಅದು. ಅಕ್ಕೋರು ಬಾಗಿಲ ತನಕ ಹೋಗಿ ತಿರುಗಿ ಬಂದರು, ಮತ್ತೆ ಹೋದರು.

"ನೋ," ಎಂದಳು ಮಿದೋರಿ. "ಟೀಚರ್ ಟೆಲ್ ರಾಂಗ್. ಐ ಗೋ, ಆಲ್ ಚಿಲ್ಡ್ರನ್ ರಾಂಗ್."

ತಾನು ಹೋದರೆ ಊರ ಮಕ್ಕಳೆಲ್ಲ ಕಥೆಯನ್ನು ತಪ್ಪೇ ಕಲಿಯುತ್ತಾರೆ ಎಂಬುದು ಅವಳ ಚಿಂತೆ.

ತಮುರಾ ಮಗಳ ಮುಂದೆ ಎದ್ದು ನಿಂತರು. ಆಮೇಲೆ ಅವಳಿಗೆ ತಲೆ ಬಾಗಿಸಿ, "ಹಾಯ್," ಎಂದರು.

ಅಕ್ಕೋರು ನನ್ನ ಕಿವಿಯ ಹತ್ತಿರ ಬಗ್ಗಿದರು. "ಅಂದ್ರ ಒಪ್ಪಿದ್ರೋ, ಬರೇ ಕೇಳಿದ್ರೋ?"

ರಜೆ ಮುಗಿದ ದಿನ ಮಕ್ಕಳಿಬ್ಬರೂ ಅಕ್ಕೋರ ಹಿಂದೆಯೇ ಸಾಲಿಗೆ ಹೊರಟರು. ಆಗಲೂ ಅಕ್ಕೋರು, ಬರುತ್ತಿದ್ದಾರೋ ಇಲ್ಲವೋ ಎಂದು ಓಣಿಯ ಉದ್ದಕ್ಕೂ ತಿರುತಿರುಗಿ ನೋಡುತ್ತಲೇ ನಡೆದರು.